ಹಿಂಜುವ ಕೋಣೆಯ ಕಿಟಕಿ

ಹೋದ ತಿಂಗಳು ಹಗರಿಬೊಮ್ಮನಹಳ್ಳಿಯ ಕಾಲೇಜೊಂದರಲ್ಲಿ ನನ್ನನ್ನು ವೇದಿಕೆಯ ಮೇಲೆ ಕೂರಿಸಿ, ಹಾರ ಹಾಕಿ, ಉಣ್ಣೆಯ ಶಾಲು ಹೊದಿಸಿ, ಆ ಸೆಕೆಯಲ್ಲಿ ಚೆನ್ನಾಗಿ ಬೇಯಿಸಿದರು. ಭಾಷಣ ಮುಗಿದ ಮೇಲೆ ವಿದ್ಯಾರ್ಥಿಗಳು ಪ್ರಶ್ನೆ ಕೇಳಬಹುದು ಎಂದರು. ಇಂಥ ಸಭೆಗಳಲ್ಲಿ ಮಕ್ಕಳು ಮೇಷ್ಟ್ರು ಬರೆದುಕೊಟ್ಟ ಚೀಟಿ ನೋಡಿ ಕೇಳುತ್ತಾರೆ, ನಾನೂ ಹಿಂದಿನ ಊರಿನಲ್ಲಿ ಹೇಳಿದ್ದನ್ನೇ ಹೇಳಿ ಇಳಿದು ಬರುತ್ತೇನೆ. ಯಾರಿಗೂ ತೊಂದರೆಯಿಲ್ಲ. ಆದರೆ ಅವತ್ತು ಹಿಂದಿನ ಸಾಲಿನ ಹುಡುಗಿಯೊಬ್ಬಳು ಬರಿಗೈಯಲ್ಲಿ ಎದ್ದು ನಿಂತಳು.

"ಮೇಡಂ, ನಿಮ್ಮ ನಾಕೂ ಕಾದಂಬರಿ ಓದೀನ್ರಿ. ಒಂದರಾಗೂ ಹೆಣ್ಮಗಳು ಮನಿ ಬಿಟ್ಟು ಹೊರಗ ಬರಂಗಿಲ್ಲ. ಬಾಗಲತನಕ ಬರ್ತಾಳ, ಅಲ್ಲೇ ನಿಂತುಬಿಡ್ತಾಳ. ಯಾಕ್ರಿ ಹಂಗ?"

ನಾನು ಗಂಟಲು ಸರಿಮಾಡಿಕೊಂಡು ಕಾಲದ ಬಗ್ಗೆ ಹೇಳಿದೆ, ವ್ಯವಸ್ಥೆಯ ಬಗ್ಗೆ ಹೇಳಿದೆ, ಲೇಖಕಿ ತನ್ನ ಕಾಲದ ಬಾಗಿಲುಗಳನ್ನು ತಾನೇ ತೆರೆದು ತೋರಿಸಿದರೆ ಅದು ಓದುಗರಿಗೆ ಮಾಡುವ ಮೋಸ ಎಂದೂ ಹೇಳಿದೆ. ಚಪ್ಪಾಳೆ ಬಿತ್ತು. ಎರಡನೇ ಸಾಲಿನಲ್ಲಿ ಕೂತಿದ್ದ ನನ್ನ ಅಕ್ಕ ಮಾಬಿ ಮಾತ್ರ ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಭುಜ ಕುಣಿಸುತ್ತಿದ್ದಳು. ಅಕ್ಕಪಕ್ಕದವರು ಕೆಮ್ಮು ಎಂದುಕೊಂಡು ನೀರು ಕೊಟ್ಟರು. ಅವಳು ನಗುತ್ತಿದ್ದಳು. ಅವಳ ಮನೆ ಅದೇ ಊರಿನಲ್ಲಿ, ಬಸ್ ನಿಲ್ದಾಣದ ರಸ್ತೆಯಲ್ಲಿ ಅವಳದೇ ಗಾದಿ ಅಂಗಡಿಯ ಹಿಂದೆ. ವಾಪಸ್ಸು ಹೋಗುವಾಗ ಆಟೋ ಹತ್ತಿದ ಕೂಡಲೇ ಶುರುಮಾಡಿದಳು.

"ಎಷ್ಟ್ ಛಂದ ಸುಳ್ಳು ಹೇಳಿದಿ ಲೇ."

"ಯಾವ ಸುಳ್ಳು?"

"ಅದೇನೋ ವ್ಯವಸ್ಥಾ ಅಂದೆಲ್ಲ, ಅದು. ಆ ವ್ಯವಸ್ಥಾಕ್ಕ ಮೊಳಿ ಹೊಡದಾಂವ ನಮ್ಮಪ್ಪ. ಒಳಗ ಕುಂತಾಕಿ ನಾನು. ಹೆಸರು ಬದ್ಲಿ ಮಾಡಿಬಿಟ್ರ ನನಗ ಗೊತ್ತಾಗಂಗಿಲ್ಲಂತ ತಿಳ್ಕಂಡೀಯೇನು? ನಮ್ಮ ಸೊಸಿ ದಿಂಬು ತುಂಬೋ ಹೊತ್ತಿನ್ಯಾಗ ಎಲ್ಲಾ ಓದಿ ಹೇಳ್ಯಾಳ ನನಗ."

ನಾನು ರಸ್ತೆಯ ಕಡೆ ತಿರುಗಿದೆ. ಅವಳು ನನ್ನ ಮುಂಗೈ ಹಿಡಿದಳು.

"ಐದನೇದು ಬರಿಯಾಕ ಹತ್ತೀಯಂತಲ್ಲ. ಅದರಾಗರ ನನ್ನ ಹೊರಗ ಬಿಡು. ವಯಸ್ಸಾತು ನನಗ. ಒಳಗ ಕುಂತು ಕುಂತು ಸಾಕಾಗೇತಿ."

ನಗುತ್ತಲೇ ಹೇಳಿದಳು, ಆದರೆ ಹಿಡಿದ ಕೈ ಸಡಿಲಿಸಲಿಲ್ಲ. ಐದನೆಯ ಕಾದಂಬರಿ ಬಾಗಿಲ ಬಳಿ ನಿಂತು ಬಹಳ ಕಾಲವಾಗಿತ್ತು. ಅದರ ನಾಯಕಿಯ ಕೈ ಚಿಲಕದ ಮೇಲಿದೆ, ನನ್ನ ಕೈ ಪೆನ್ನಿನ ಮೇಲಿದೆ, ಇಬ್ಬರೂ ಅಲ್ಲಾಡುವುದಿಲ್ಲ. ಮುಂದಿನ ವಾಕ್ಯಕ್ಕೆ ಕೈ ಹಾಕಿದರೆ ನಿಜವಾಗಿಯೂ ಎದೆ ಬಿಗಿಯುತ್ತದೆ. ಇದನ್ನು ಅಕ್ಕನಿಗೆ ಫೋನಿನಲ್ಲಿ ಹೇಳಿ ತಪ್ಪುಮಾಡಿದ್ದೆ. ಈಗ ಆಟೋದಲ್ಲಿ ಸಿಕ್ಕಿಬಿದ್ದು, ಆಯ್ತು, ಬಿಡ್ತೀನಿ ಎಂದು ಮಾತು ಕೊಟ್ಟೆ. ಹೊರಗೆ ಬಿಡಬೇಕೆಂದರೆ ಒಳಗೆ ಹೋದದ್ದು ಹೇಗೆಂದು ಮೊದಲು ಸರಿಯಾಗಿ ನೋಡಬೇಕು. ಅದಕ್ಕಾಗಿ ಅವಳು ಕೂತಿದ್ದ ಕೋಣೆಗೆ ಮನಸ್ಸಿನಲ್ಲಿ ಮತ್ತೆ ಹೋಗುತ್ತಿದ್ದೇನೆ, ಖುಷಿಯಿಂದ ಅಲ್ಲ.

ಕೊಟ್ಟೂರಿನಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಅಪ್ಪ ಇಮಾಮಸಾಬ ಪಿಂಜಾರ. ಅರಳೆ ಹಿಂಜಿ ಗಾದಿ, ದಿಂಬು ಮಾಡುವುದು ನಮ್ಮ ಕಸುಬು. ಬೀದಿಯ ಕಡೆ ಪಡಸಾಲೆ, ಹಿಂದೆ ಅಡುಗೆಮನೆ, ಪಕ್ಕದ ಸಂದಿಯ ಕಡೆಗೆ ಹಿಂಜುವ ಕೋಣೆ. ಆ ಕೋಣೆಯ ಮಾಳಿಗೆಯಲ್ಲಿ ಗಾಜು ಕೂರಿಸಿದ ಬೆಳಕಿಂಡಿ ಇತ್ತು, ಸಂದಿಗೆ ತೆರೆಯುವ ಒಂದೇ ಒಂದು ಕಿಟಕಿ ಇತ್ತು. ಹಿಂಜುವ ಬಿಲ್ಲನ್ನು ಹಗ್ಗ ಕಟ್ಟಿ ತೊಲೆಗೆ ತೂಗುಬಿಟ್ಟಿದ್ದರು. ಅದು ಅಪ್ಪನಿಗಿಂತ ಉದ್ದ. ಕರುಳಿನಿಂದ ಮಾಡಿದ ಅದರ ತಂತಿಯನ್ನು ಅರಳೆಯ ಮೇಲೆ ಹಿಡಿದು ಮರದ ಕೊಡತಿಯಿಂದ ಬಡಿದರೆ ಧುಂಯ್ ಎಂದು ಮನೆಯ ಗೋಡೆಗಳೆಲ್ಲ ನಡುಗುತ್ತಿದ್ದವು, ಗಂಟುಗಟ್ಟಿದ ಅರಳೆ ಬಿಡಿಬಿಡಿಯಾಗಿ ಮೇಲೇಳುತ್ತಿತ್ತು. ಬಿಲ್ಲಿನ ಸದ್ದು ಇರುವಷ್ಟು ಹೊತ್ತು ಬಾಗಿಲು, ಕಿಟಕಿ ಯಾವುದನ್ನೂ ತೆರೆಯುವಂತಿಲ್ಲ. ಹಿಂಜಿದ ಅರಳೆಗೆ ಸಣ್ಣ ಗಾಳಿ ತಾಗಿದರೂ ಸಾಕು, ಒಂದು ದಿನದ ದುಡಿಮೆ ಗೋಡೆ, ತೊಲೆ, ಜಂತೆಗಳನ್ನೆಲ್ಲ ಹತ್ತಿ ಕೂರುತ್ತಿತ್ತು. ಬೇರೆಯವರ ಮನೆಯಲ್ಲಿ ಕಳ್ಳ ಬಂದ ಎನ್ನುವ ಧಾಟಿಯಲ್ಲಿ ನಮ್ಮ ಮನೆಯಲ್ಲಿ ಗಾಳಿ ಬಂತು ಎನ್ನುತ್ತಿದ್ದರು. ಬೇಸಿಗೆಯಲ್ಲೂ ಹಾಗೇ. ಬೆವರಿದ ಮೈಗೆ ಅರಳೆಯ ಎಳೆ ಅಂಟಿಕೊಂಡು ಮಧ್ಯಾಹ್ನದ ಹೊತ್ತಿಗೆ ನಾವೆಲ್ಲ ಮುದುಕರಂತೆ ಬೆಳ್ಳಗಾಗಿರುತ್ತಿದ್ದೆವು.

ಊಟ ಬೆಲ್ಲದಿಂದ ಶುರುವಾಗುತ್ತಿತ್ತು. ಗಂಟಲಲ್ಲಿ ಕೂತ ಎಳೆ ಇಳಿಯಲಿ ಎಂದು ಅವ್ವ ಮೊದಲು ಎಲ್ಲರ ಕೈಗೂ ಬೆಲ್ಲದ ಚೂರು ಕೊಡುತ್ತಿದ್ದಳು, ಆಮೇಲೆ ಜೋಳದ ರೊಟ್ಟಿ, ಪುಂಡಿಪಲ್ಯ. ಎಷ್ಟು ಮುಚ್ಚಿಟ್ಟರೂ ಪಲ್ಯದಲ್ಲಿ ಅರಳೆ ಇದ್ದೇ ಇರುತ್ತಿತ್ತು. ಬೇರೆ ಮಕ್ಕಳು ಅನ್ನದಲ್ಲಿ ಕಲ್ಲು ಆರಿಸಿದರೆ ನಾವು ಎಳೆ ಆರಿಸುತ್ತಿದ್ದೆವು. ನನಗೆ ಚಿಕ್ಕ ವಯಸ್ಸಿಗೇ ದಮ್ಮು ಇತ್ತು. ಉಸಿರು ಒಳಗೆ ಹೋಗುವಾಗ ಸಿಳ್ಳೆ ಹಾಕುತ್ತಿತ್ತು, ಹೊರಗೆ ಬರುವಾಗ ಬರುತ್ತಲೇ ಇರಲಿಲ್ಲ. ಅವ್ವ ದೃಷ್ಟಿ ಎಂದು ತಾಯತ ಕಟ್ಟಿಸಿದ್ದಳು. ಇದು ಅರಳೆಯಿಂದ ಇರಬಹುದೇ ಎಂದು ಅವಳು ಒಂದು ಸಲ ಕೇಳಿದ್ದಕ್ಕೆ ಅಪ್ಪ ಉಣ್ಣುವ ಗಂಗಾಳ ತಳ್ಳಿ ಎದ್ದಿದ್ದ.

"ಅರಳಿ ನಮಗ ಅನ್ನ ಹಾಕ್ತೈತಿ. ಅನ್ನ ಹಾಕೋದು ಯಾರ ಎದಿಮ್ಯಾಗೂ ಕುಂದ್ರಂಗಿಲ್ಲ!"

ಹಾಗೆಂದು ಸಂದಿಗೆ ಹೋಗಿ ಅವನೇ ಬಹಳ ಹೊತ್ತು ಕೆಮ್ಮಿದ. ಅವ್ವ ಒಲೆ ಕಡೆ ತಿರುಗಿ ಕೂತಳು. ಅಕ್ಕ ನನ್ನ ಕಡೆ ನೋಡಿ ಕಣ್ಣು ಹೊಡೆದಳು. ಅವಳು ನನಗಿಂತ ದೊಡ್ಡವಳು, ಏಳನೇ ತರಗತಿ, ಲೆಕ್ಕದಲ್ಲಿ ಜಾಣೆ, ಜೋರು ಬಾಯಿ. ಶಾಲೆ ಬಿಟ್ಟ ಕೂಡಲೇ ಚೀಲ ಒಗೆದು ಬೀದಿಗೆ ಓಡುವವಳನ್ನು ಅವ್ವ ಜಡೆ ಹಿಡಿದು ಒಳಗೆ ಎಳೆದುಕೊಂಡು ಬರಬೇಕಾಗುತ್ತಿತ್ತು.

ನಮ್ಮ ಕಸುಬಿನಲ್ಲಿ ಒಂದು ಕಟ್ಟು ಇತ್ತು. ಮದುವೆಯ ಗಾದಿಗೆ ಬಂದ ಅರಳೆಯೂ ಸತ್ತವರ ಗಾದಿಯಿಂದ ಬಿಚ್ಚಿದ ಅರಳೆಯೂ ಒಂದೇ ಕೋಣೆಯಲ್ಲಿ ಒಟ್ಟಿಗೆ ಇರಕೂಡದು. ಸತ್ತವರದನ್ನು ಹಿಂಜಿದ ಮೇಲೆ ಕೋಣೆ ಸಾರಿಸಿ, ತಂತಿ ಒರೆಸಿ, ಲೋಬಾನದ ಹೊಗೆ ಹಾಕಿದ ಮೇಲೆಯೇ ಮದುವೆಯದನ್ನು ಮುಟ್ಟಬೇಕು. ಇದು ಯಾವ ಧರ್ಮದ ಪುಸ್ತಕದಲ್ಲಿದೆಯೋ ನನಗೆ ಗೊತ್ತಿಲ್ಲ. ಆದರೆ ಅರಳೆ ಕಳಿಸುವ ಶಿವಭಕ್ತರ ಮನೆಗಳವರೂ ಹಿಂಜುವ ನಾವೂ ಅದನ್ನು ಒಂದೇ ನಿಷ್ಠೆಯಿಂದ ನಂಬಿದ್ದೆವು. ಆ ಆಷಾಢದಲ್ಲಿ ಅಪ್ಪ ಅದನ್ನು ಮುರಿದ. ಪೇಟೆಯ ಅಂಗಡಿ ಮನೆತನದ ಗೌರಕ್ಕನ ಮಗಳಿಗೆ ಶ್ರಾವಣದಲ್ಲಿ ಮದುವೆ, ಅದರ ಅರಳೆ ಹಿಂಜಿ ರಾಶಿ ಹಾಕಿದ್ದಾಗಿತ್ತು. ಅಷ್ಟರಲ್ಲಿ ಕೋಗಳಿಯಿಂದ ಒಬ್ಬ ಮುದುಕರ ಗಾದಿ ಬಂತು. ಅವರು ತೀರಿಕೊಂಡಿದ್ದರು. ಹಿಂಜಿ ಹೊಸ ಬಟ್ಟೆ ಹಾಕಿಸಿ ಬಡವರಿಗೆ ಕೊಡಬೇಕು, ಬೇಗ ಬೇಕು ಎಂದು ಮಕ್ಕಳು ಅವಸರ ಮಾಡಿದರು. ಅಪ್ಪ ಮದುವೆಯ ರಾಶಿಯನ್ನು ಮೂಡಲ ಗೋಡೆಗೆ ಸರಿಸಿ, ನಡುವೆ ಒಂದು ಚಾದರ ಕಟ್ಟಿ, ಇತ್ತ ಸತ್ತವರ ಅರಳೆ ಹಿಂಜಿದ. ಕಿಟಕಿ ಭದ್ರ ಹಾಕಿ, ನಮಾಜು ಮುಗಿಸಿ ಬರುತ್ತೇನೆ, ಅಲ್ಲಿಯವರೆಗೆ ಒಳಗೇ ಕೂತು ಕಸ ಆರಿಸುತ್ತಿರಿ ಎಂದು ನಮ್ಮಿಬ್ಬರಿಗೆ ಹೇಳಿ ಹೋದ. ಅವ್ವ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು.

ಹಳೆಯ ಗಾದಿಯ ದೂಳು ಹೊಸ ಅರಳೆಯಂತಲ್ಲ, ಅದರಲ್ಲಿ ಮನುಷ್ಯರ ವಾಸನೆ ಇರುತ್ತದೆ, ಔಷಧದ ವಾಸನೆ ಇರುತ್ತದೆ. ನನಗೆ ಉಸಿರು ಕಟ್ಟಿತು. ಬೆಳಕಿಂಡಿಯಿಂದ ಬೀಳುತ್ತಿದ್ದ ಬಿಸಿಲಿನಲ್ಲಿ ಎಳೆಗಳು ಏಳುತ್ತ ಇಳಿಯುತ್ತ ಇದ್ದದ್ದು ನೆನಪಿದೆ. ಅಕ್ಕನ ಮುಖ ಹತ್ತಿರ ಬಂದದ್ದು ನೆನಪಿದೆ. ಅವಳು ನನ್ನ ಬೆನ್ನು ತಿಕ್ಕಿದಳು, ಬೆಲ್ಲ ತುರುಕಿದಳು, ನಾನು ಉಗುಳಿದೆ. ನನ್ನ ತುಟಿ ನೀಲಿಯಾಗಿತ್ತೆಂದು ಆಮೇಲೆ ಹೇಳಿದಳು. ಅವಳು ಎದ್ದು ಹೋಗಿ ಕಿಟಕಿಯ ಅಗಳಿ ತೆಗೆದು ಎರಡೂ ಕದ ನೂಕಿದಳು.

"ಉಸಿರಾಡು ಲೇ. ಉಸಿರಾಡು!"

ಆಷಾಢದ ಗಾಳಿ ನಮ್ಮ ಕಡೆ ಹೇಗೆ ಬೀಸುತ್ತದೆಂದು ಬಲ್ಲವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಚಾದರ ಹಾರಿತು. ಎರಡೂ ರಾಶಿ ಒಟ್ಟಿಗೆ ಎದ್ದು, ಕೋಣೆಯ ತುಂಬ ಒಂದೇ ಬಿಳಿ. ನಾನು ಕಿಟಕಿಯ ಸರಳಿಗೆ ಬಾಯಿಟ್ಟು ಗಾಳಿ ಕುಡಿಯುತ್ತಿದ್ದೆ. ಅಂಥ ರುಚಿಯನ್ನು ನಾನು ಮತ್ತೆ ಕಂಡಿಲ್ಲ. ಅಪ್ಪ ಬಂದಾಗ ಅಕ್ಕ ಕಿಟಕಿಯ ಪಕ್ಕ ನಿಂತಿದ್ದಳು.

"ಯಾರು ತಗದೋರು?"

"ನಾ ತಗದೆ. ಇಕಿ ಉಸರು ನಿಂತಿತ್ತು."

ಮೊದಲ ಮಾತು ಮಾತ್ರ ಅವನಿಗೆ ಕೇಳಿಸಿತು. ಹೊಡೆಯಲಿಲ್ಲ. ಹೊಡೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆ ಬೆರಕೆ ಅರಳೆಯನ್ನೇ ಬಾಯಿ ಮುಚ್ಚಿಕೊಂಡು ಕೊಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಆದರೆ ಅಪ್ಪ ಅಂಥವನಲ್ಲ. ಟೋಪಿ ಹಾಕಿಕೊಂಡು ಗೌರಕ್ಕನ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ ಬಂದ. ಮಾರನೆಯ ದಿನ ಗೌರಕ್ಕನೇ ಬಂದರು. ವಿಭೂತಿ ಹಚ್ಚಿದ ದೊಡ್ಡ ಹಣೆಯ, ಮೆಲುಮಾತಿನ ಹೆಂಗಸು. ಹೊಸ್ತಿಲ ಹೊರಗೇ ನಿಂತು ಮಾತಾಡಿದರು.

"ನೀ ಹೇಳದಿದ್ರ ನಮಗ ಗೊತ್ತಾಗ್ತಿದ್ದಿಲ್ಲ ಇಮಾಮಸಾಬ. ಹೇಳಿದ್ಮ್ಯಾಲ ಹೆಂಗ ತಗಳ್ಳಿ? ಹೆಣ್ಣು ಕಳಸೋ ಮನಿ ನಮ್ಮದು."

ಸುದ್ದಿ ಹಬ್ಬಿತು. ಆ ವರ್ಷ ಪೇಟೆಯ ಯಾವ ಮದುವೆಯ ಅರಳೆಯೂ ನಮ್ಮ ಮನೆಗೆ ಬರಲಿಲ್ಲ. ಅಪ್ಪ ಕಮ್ಮಾರಸಾಲೆಯಿಂದ ಉದ್ದುದ್ದ ಮೊಳೆ ತಂದು ಕಿಟಕಿಯ ಕದಗಳನ್ನು ಚೌಕಟ್ಟಿಗೆ ಸೇರಿಸಿ ಹೊಡೆದ. ಪ್ರತಿ ಏಟಿಗೂ ತೂಗುಬಿಟ್ಟಿದ್ದ ಬಿಲ್ಲು ತಾನಾಗಿ ಮಿಡಿಯುತ್ತಿತ್ತು. ಹೊಡೆದು ಮುಗಿಸಿ, ಸುತ್ತಿಗೆ ಕೆಳಗಿಟ್ಟು, ಅಕ್ಕನ ಕಡೆ ನೋಡದೆ ಹೇಳಿದ:

"ನಾಳಿಂದ ಸಾಲಿ ಬ್ಯಾಡ ನಿನಗ. ಇಲ್ಲೇ ಕುಂದ್ರು. ಅರಳಿ ಅಂದ್ರ ಏನಂತ ತಿಳಿಲಿ."

ಬೆರೆತ ಅರಳೆಯನ್ನು ಮಾರುವಂತಿಲ್ಲ, ದಾನ ಕೊಡುವಂತಿಲ್ಲ, ಸುಡುವುದಕ್ಕೆ ಪಿಂಜಾರನ ಕೈ ಬರುವುದಿಲ್ಲ. ಕೋಗಳಿಯವರಿಗೂ ಗೌರಕ್ಕನಿಗೂ ಮನೆಯ ಅರಳೆಯಿಂದ ತುಂಬಿಕೊಟ್ಟು, ಆ ಬೆರಕೆಯನ್ನು ಒಂದು ಗಾದಿಗೆ ತುಂಬಿ ನಮ್ಮಿಬ್ಬರಿಗೆ ಹಾಸಿಗೆ ಮಾಡಿದ. ಮಲಗುವಾಗ ಅಕ್ಕ ಕೇಳುತ್ತಿದ್ದಳು: "ನಿನ್ನ ಕಡೆ ಮದಿವಿ ಐತೋ, ಅಜ್ಜ ಅದಾನೋ?" ನಾನು ಹೆದರಿ ಅವಳನ್ನು ತಬ್ಬಿಕೊಂಡರೆ ಕಿಸಕ್ಕೆಂದು ನಗುತ್ತಿದ್ದಳು. ಅವಳು ಶಾಲೆ ಬಿಟ್ಟದ್ದಕ್ಕೆ ಅತ್ತದ್ದನ್ನು ನಾನು ನೋಡಿಲ್ಲ. ಅವಳ ಪಾಟಿಚೀಲದಲ್ಲಿ ಅವ್ವ ಈರುಳ್ಳಿ ತುಂಬಿ ಗೂಟಕ್ಕೆ ನೇತುಹಾಕಿದ್ದು ನೋಡಿದ್ದೇನೆ, ಅಕ್ಕ ಆ ಗೂಟದ ಕಡೆ ಬೆನ್ನು ಮಾಡಿ ಉಣ್ಣುತ್ತಿದ್ದದ್ದನ್ನೂ ನೋಡಿದ್ದೇನೆ.

ಕಿಟಕಿಗೆ ಮೊಳೆ ಬಿದ್ದ ಮೇಲೆ ನನ್ನ ದಮ್ಮು ಜೋರಾಯಿತು. ಈ ಕೂಸನ್ನು ಈ ಮನೆಯಲ್ಲಿ ಇಟ್ಟರೆ ಉಳಿಯುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ಹಾಗಾಗಿ ನನ್ನನ್ನು ಕೂಡ್ಲಿಗಿಯಲ್ಲಿ ಅವ್ವನ ತಂಗಿಯ ಮನೆಗೆ ಕಳಿಸಿದರು. ಕಿಟಕಿ ತೆಗೆದವಳು ಒಳಗೆ ಉಳಿದಳು, ಉಸಿರು ಕಟ್ಟಿದವಳು ಹೊರಗೆ ಬಂದೆ. ಇದರಲ್ಲಿ ನನ್ನ ತಪ್ಪೇನೂ ಇಲ್ಲವೆಂದು ಎಲ್ಲರೂ ಹೇಳುತ್ತಾರೆ, ನಿಜವೇ. ಆದರೂ ಚಿಗವ್ವನ ಮನೆಯ ತೆರೆದ ಕಿಟಕಿಗಳ ನಡುವೆ ನನಗೆ ಸಮಾಧಾನವಿರಲಿಲ್ಲ. ಉಸಿರು ಸಲೀಸಾಗಿ ಬಂದಾಗಲೆಲ್ಲ ಯಾರದೋ ಪಾಲನ್ನು ತಿಂದಂತೆ ಸಂಕಟವಾಗುತ್ತಿತ್ತು.

ಹಬ್ಬಕ್ಕೆ ಊರಿಗೆ ಹೋದರೆ ಅಕ್ಕ ಅರಳೆಯ ರಾಶಿಯ ಹಿಂದೆ ಕೂತಿರುತ್ತಿದ್ದಳು. ಒಳಗೆ ಬರಬೇಡ, ಬಾಗಿಲ ಹೊರಗೇ ಕೂತು ಹೇಳು ಎನ್ನುತ್ತಿದ್ದಳು.

"ಹೊರಗ ಏನೇನೈತಿ ಹೇಳ ಲೇ."

ನಾನು ಕದಕ್ಕೆ ಬಾಯಿಟ್ಟು ಹೇಳುತ್ತಿದ್ದೆ. ಕೂಡ್ಲಿಗಿಯ ಸಂತೆ, ಶಾಲೆಯ ಜಗಳ, ಹಡಗಲಿಗೆ ಹೋಗುವ ಬಸ್ಸಿನಲ್ಲಿ ಕೂತಿದ್ದ ಮಲ್ಲಿಗೆ ಹೂವಿನ ಹೆಂಗಸು. ಕಂಡದ್ದು ಬೇಗ ಮುಗಿದುಹೋಗುತ್ತಿತ್ತು, ಅವಳಿಗೆ ಸಾಲುತ್ತಿರಲಿಲ್ಲ. ಆಮೇಲೆ ಏನಾತು, ಆಮೇಲೆ ಏನಾತು ಎನ್ನುತ್ತಿದ್ದಳು. ಆಮೇಲಿನದನ್ನು ನಾನು ಹುಟ್ಟಿಸಬೇಕಾಗುತ್ತಿತ್ತು. ಹೂವಿನ ಹೆಂಗಸಿಗೆ ಗಂಡನನ್ನು, ಗಂಡನಿಗೆ ಒಂದು ರಹಸ್ಯವನ್ನು ಕೊಟ್ಟದ್ದು ಆ ಕದದ ಹೊರಗೆ ಕೂತು. ಕಥೆ ಕಟ್ಟುವುದನ್ನು ನಾನು ಯಾವ ಗುರುವಿನ ಹತ್ತಿರವೂ ಕಲಿಯಲಿಲ್ಲ. ದೊಡ್ಡವಳಾಗಿ ಹೊರಗಿನವರಿಗೆ ಕಥೆ ಹೇಳಲು ಕೂತಾಗ ನನ್ನ ಕೈಗೆ ಬಂದದ್ದು ಒಳಗಿನ ಕೋಣೆ. ಮೊದಲ ಕಾದಂಬರಿಯಲ್ಲಿ ಅದು ಉಗ್ರಾಣವಾಯಿತು, ಎರಡನೆಯದರಲ್ಲಿ ಹೆರಿಗೆಯ ಕೋಣೆ. ಮೂರನೆಯದನ್ನು ಬರೆಯುವಾಗ ಕಾಲವೇ ಕೈಯಲ್ಲಿ ಸುತ್ತಿಗೆ ಹಿಡಿದು ಬಂದಿತ್ತು. ಇಟ್ಟಿಗಿ, ಹಿರೇಹಡಗಲಿ ಎಂದು ಬಿಲ್ಲು ಹೊತ್ತು ಊರೂರು ತಿರುಗಿ, ಯಾರದೋ ಕಟ್ಟೆಯ ಮೇಲೆ ಬುತ್ತಿ ಬಿಚ್ಚುತ್ತಿದ್ದ ನಮ್ಮ ಬಂಧುವೊಬ್ಬನನ್ನು ಅದೇ ಕಟ್ಟೆಯ ಮೇಲೆ ಕೂತ ಹುಡುಗರು ನಿನ್ನ ಹೆಸರೇನು, ಇಲ್ಲಿಗೆ ಯಾಕೆ ಬಂದಿ ಎಂದು ಕೇಳಿದ್ದರು. ಅವನು ಮತ್ತೆ ಹೊರಗೆ ಹೋಗಲಿಲ್ಲ. ಆ ಕಾದಂಬರಿಯಲ್ಲಿ ಇಡೀ ಓಣಿಯೇ ಕಿಟಕಿ ಮುಚ್ಚಿಕೊಂಡು ಕೂತಿದೆ. ವಿಮರ್ಶಕರು ಸಂಕೇತ ಎಂದರು. ನನಗೆ ಗೊತ್ತು, ಬರೆಯುವಾಗ ನನ್ನ ಕಿವಿಯಲ್ಲಿ ಇದ್ದದ್ದು ಮೊಳೆಯ ಏಟಿಗೆ ಮಿಡಿದ ಬಿಲ್ಲಿನ ಸದ್ದು.

ಕಾಲೇಜಿನ ಸಭೆಯ ದಿನ ಆಟೋ ಇಳಿದು ಅಕ್ಕನ ಅಂಗಡಿಗೆ ಹೋದೆವು. ಕರೆಂಟಿನ ಹಿಂಜುವ ಯಂತ್ರ, ಗೋಡೆಗೆ ಒರಗಿಸಿದ ಫೋಮಿನ ಹಾಸಿಗೆಗಳು, ಮೂಲೆಯಲ್ಲಿ ಬಿಚ್ಚಿ ಹಾಕಿದ ಒಂದು ಹಳೆಯ ಗಾದಿ. ಅದರ ಪಟ್ಟೆ ಬಟ್ಟೆ ನೋಡಿ ನಾನು ನಿಂತುಬಿಟ್ಟೆ, ನಾವಿಬ್ಬರೂ ಮಲಗುತ್ತಿದ್ದ ಅದೇ ಬೆರಕೆ ಗಾದಿ. ಮದುವೆಯಾಗಿ ಹೋಗುವಾಗ ಅಕ್ಕ ಹೊತ್ತುಕೊಂಡು ಹೋಗಿದ್ದಳಂತೆ, ನನಗೆ ಗೊತ್ತೇ ಇರಲಿಲ್ಲ.

"ಇದನ್ನ ಹಿಂಜಿ ನಿನಗ ಒಂದು ಗಾದಿ ಮಾಡಿಕೊಡ್ತೀನಿ. ಅಜ್ಜ, ಮದಿವಿ ಎಲ್ಲಾ ಸೇರಿ ಮೆತ್ತಗಾಗೇತಿ ಈಗ," ಎಂದಳು. ಅರಳೆ ಹಾರಬಾರದೆಂದು ಶಟರ್ ಅರ್ಧ ಇಳಿಸಿ ಮಾತಿಗೆ ಕೂತಳು. "ಆ ಕಿಡಕಿ ಮೊಳಿ ಕಿತ್ತೋರು ಯಾರು ಹೇಳು ನೋಡೋಣು."

"ಅಪ್ಪ. ಮಷೀನು ತಂದಾಗ."

"ನಾನು! ಮಷೀನು ಎಲ್ಲಿತ್ತು ಆಗ? ಅಪ್ಪಗೂ ನಿನ್ನಂಗ ದಮ್ಮು ಹತ್ತಿತ್ತು. ಬಿಲ್ಲು ಹಿಡಿಯಾಕ ಆಗ್ತಿದ್ದಿಲ್ಲ. ಒಂದಿನ ಅವನ ಮುಂದನ ಇಕ್ಕಳ ತಗಂಡು ಕುಂತೆ. ಎಷ್ಟ್ ಜಗ್ಗಿದ್ರೂ ಬರವಲ್ದು. ಬೈತಾನ ಅಂದ್ಕಂಡಿದ್ದೆ."

"ಏನಂದ?"

"'ಇಕ್ಕಳ ಸರಿಯಾಗಿ ಹಿಡಿಯವ್ವ' ಅಂದ. ಕಿತ್ತಾದ ಮ್ಯಾಲ ಕಿಡಕಿ ಕಡೆ ಮಕ ಮಾಡಿ ಕುಂತು ಅತ್ತ. ಮುಂದಿನ ವಾರ ನಾನು ಹರಪನಹಳ್ಳಿಗೆ ಹೋಗಿ ಮಷೀನು ನೋಡಿಬಂದೆ. ನೀ ಹಬ್ಬಕ್ಕ ಬಂದಾಗ ಕಿಡಕಿ ತಗದೇ ಇತ್ತಲ್ಲ. ಒಂದ್ಸಲನೂ ಕೇಳಲಿಲ್ಲ ನೀನು."

ಕೇಳಿರಲಿಲ್ಲ. ಕೇಳಿದ್ದರೆ ನನ್ನ ನಾಲ್ಕೂ ಕಾದಂಬರಿಗಳ ಕಠೋರ ಅಪ್ಪಂದಿರ ಬಾಯಲ್ಲಿ ಇಕ್ಕಳ ಸರಿಯಾಗಿ ಹಿಡಿಯವ್ವ ಎಂಬ ಮಾತು ಬರುತ್ತಿತ್ತು, ಆ ಪುಸ್ತಕಗಳು ಬೇರೆಯೇ ಆಗುತ್ತಿದ್ದವು. ಎಂದೋ ತೆರೆದುಕೊಂಡಿದ್ದ ಕೋಣೆಯಲ್ಲಿ ಇಷ್ಟು ವರ್ಷ ಕೂತಿದ್ದವಳು ಅಕ್ಕ ಅಲ್ಲ, ನಾನು. ನನಗೆ ಸಿಟ್ಟೂ ನಾಚಿಕೆಯೂ ಒಟ್ಟಿಗೆ ಬಂದವು. ಅಷ್ಟರಲ್ಲಿ ಸೊಸೆ ಯಂತ್ರ ಚಾಲೂ ಮಾಡಿದ್ದಳು. ಹಳೆಯ ಅರಳೆಯ ದೂಳು ಎದ್ದಿತು, ಎದೆಯಲ್ಲಿ ಆ ಪರಿಚಯದ ಸಿಳ್ಳೆ ಶುರುವಾಯಿತು. ಚೀಲದಲ್ಲಿ ದಮ್ಮಿನ ಪಂಪು ಹುಡುಕಿದೆ, ಶಾಲು, ಹಾರ, ನೆನಪಿನ ಕಾಣಿಕೆ ಎಲ್ಲ ಕೈಗೆ ಸಿಕ್ಕವು, ಅದು ಸಿಗಲಿಲ್ಲ. ಯಂತ್ರದ ಸದ್ದಿಗೆ ಯಾರಿಗೂ ಕೇಳಿಸುವಂತಿರಲಿಲ್ಲ.

ಅಕ್ಕನಿಗೆ ಹೇಗೆ ಕೇಳಿಸಿತೋ. ಮಂಡಿ ಹಿಡಿದುಕೊಂಡು ಎದ್ದಳು, ಹೋಗಿ ಶಟರಿಗೆ ಎರಡೂ ಕೈ ಕೊಟ್ಟು ಎತ್ತಿ ಒಗೆದಳು. ಆಷಾಢವೇ. ಬಿಸಿಲಿನ ಜೊತೆಗೆ ಗಾಳಿ ನುಗ್ಗಿತು. ಗೌರಕ್ಕನ ಮಗಳ ಮದುವೆ, ಕೋಗಳಿಯ ಅಜ್ಜ ಎಲ್ಲ ಎದ್ದು ರಸ್ತೆಗೆ ಹಾರಿ ಟೊಮೆಟೊ ಗಾಡಿಯ ಮೇಲೆ, ಹೊಸಪೇಟೆ ಬಸ್ಸಿನ ಗಾಜಿನ ಮೇಲೆ ಕೂತರು. ನಾನು ಬಾಗಿಲಿಗೆ ಬಂದು ಬಾಯಿ ತೆರೆದು ನಿಂತೆ. ಮೊಳೆ ಹೊಡೆದದ್ದನ್ನು ನಾನು ನಾಲ್ಕು ಸಲ ಬರೆದಿದ್ದೇನೆ. ನನಗಾಗಿ ಒಬ್ಬಳು ಎದ್ದು ಹೋಗಿ ಕಿಟಕಿ ತೆಗೆದದ್ದನ್ನು ಒಂದು ಸಲವೂ ಬರೆದಿಲ್ಲ.

ಎದುರಿನ ಚಹಾದ ಅಂಗಡಿಯವನು ಕೂಗಿದ: "ಮಾಬಕ್ಕ, ಅರಳಿ ಎಲ್ಲಾ ಹಾರಾಕತ್ತೈತಿ ನೋಡ್ರಿ!"

"ಹಾರ್ಲಿ ಬಿಡಪ್ಪ," ಎಂದಳು ಅಕ್ಕ, ನನ್ನ ಬೆನ್ನು ತಿಕ್ಕುತ್ತ. "ನಮ್ಮ ಹುಡುಗಿ ಉಸಿರಾಡ್ಲಿ."